ಮನೆಯಲ್ಲೇ ಕುಡಿಸಿ ಮಿತಿ ಕಲಿಸಬಹುದೇ?

ಪ್ರಶ್ನೆ: ಮಗನಿಗೆ ಹದಿನಾರು ವರ್ಷ, ಮೊದಲ ಪಿಯುಸಿ. ಗೆಳೆಯರ ಜೊತೆ ಸೇರಿ ಬಿಯರ್ ಕುಡಿದಿದ್ದು ಗೊತ್ತಾಯಿತು. ವಾರಕ್ಕೊಮ್ಮೆ ನಾನೂ ಕುಡಿಯುವವನೇ, ಹಾಗಾಗಿ ಬೈಯಲು ಬಾಯಿ ಬರಲಿಲ್ಲ. ಹೊರಗೆ ಕದ್ದು ಕುಡಿಯುವ ಬದಲು ನನ್ನ ಕಣ್ಣೆದುರೇ ಒಂದು ಗ್ಲಾಸ್ ಕೊಟ್ಟರೆ ಮಿತಿ ಕಲಿತಾನು ಅನ್ನಿಸುತ್ತದೆ. ಯುರೋಪಿನಲ್ಲಿ ಹೀಗೇ ತಾನೇ? ಹೆಂಡತಿ ಸುತರಾಂ ಒಪ್ಪುತ್ತಿಲ್ಲ.
– ಹೆಸರು ಬೇಡ, ಹಾಸನ ಜಿಲ್ಲೆ

ಉತ್ತರ: ನಿಮ್ಮ ಹೆಂಡತಿಯ ಮಾತೇ ಸರಿ. ನಿಮ್ಮ ಆಲೋಚನೆಯಲ್ಲಿ ದುರುದ್ದೇಶವೇನಿಲ್ಲ, ಓದಿಕೊಂಡ ಎಷ್ಟೋ ತಂದೆತಾಯಿಯರು ಹೀಗೇ ಯೋಚಿಸುತ್ತಾರೆ. ಆದರೆ ಇದನ್ನು ಪರೀಕ್ಷಿಸಿ ನೋಡಿದವರಿದ್ದಾರೆ. ಆಸ್ಟ್ರೇಲಿಯಾದಲ್ಲಿ 2010ರಿಂದ 2016ರವರೆಗೆ ಸುಮಾರು 1,900 ಮಕ್ಕಳನ್ನೂ ಅವರ ಪೋಷಕರನ್ನೂ ವರ್ಷವರ್ಷವೂ ವಿಚಾರಿಸುತ್ತ ಹೋದರು. ಫಲಿತಾಂಶ 2018ರಲ್ಲಿ ಲ್ಯಾನ್ಸೆಟ್ ಬಳಗದ ಪತ್ರಿಕೆಯಲ್ಲಿ ಬಂತು. ಒಂದು ವರ್ಷ ತಂದೆತಾಯಿಯಿಂದ ಮಾತ್ರ ಮದ್ಯ ಪಡೆದ ಮಕ್ಕಳು ಮರುವರ್ಷ ಹೊರಗಿನವರಿಂದಲೂ ಪಡೆಯುವ ಸಂಭವ, ಮನೆಯಲ್ಲಿ ಕೊಡದ ಮಕ್ಕಳಿಗಿಂತ ಇಮ್ಮಡಿಯಾಗಿತ್ತು. ಮನೆಯಲ್ಲಿ ಸಿಕ್ಕಿದ್ದು ಹೊರಗಿನದಕ್ಕೆ ಬದಲಾಗಲಿಲ್ಲ, ಅದರ ಜೊತೆಗೆ ಸೇರಿಕೊಂಡಿತು. ಕೊನೆಯ ವರ್ಷದಲ್ಲಿ ಒಂದೇ ಕೂತಲ್ಲಿ ವಿಪರೀತ ಕುಡಿದೆವೆಂದವರು, ಹೊರಗಿನವರಿಂದ ಮಾತ್ರ ಪಡೆದವರಲ್ಲಿ ಶೇ. 62, ಮನೆಯಿಂದಲೂ ಹೊರಗಿನಿಂದಲೂ ಪಡೆದವರಲ್ಲಿ ಶೇ. 81.

ಕುಡಿತದ ಕಡೆ ಮೊದಲೇ ವಾಲಿದ ಮಕ್ಕಳಿಗೇ ಮನೆಯವರು ಸೋತು ಕೊಟ್ಟಿರಬಹುದಲ್ಲ, ಅಂಕಿ ಅದಕ್ಕೇ ಹೆಚ್ಚಾಗಿರಬಹುದಲ್ಲ ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆಯೇ. ಮನೆಯ ವಾತಾವರಣ, ಗೆಳೆಯರ ಅಭ್ಯಾಸ ಮುಂತಾದವನ್ನೆಲ್ಲ ಸಂಶೋಧಕರು ಲೆಕ್ಕಕ್ಕೆ ಹಿಡಿದಿದ್ದರು. ಆದರೂ ಇಂಥ ಅಧ್ಯಯನದಿಂದ ಕಾರಣ ಇದೇ ಎಂದು ನೂರಕ್ಕೆ ನೂರು ಸಾಬೀತಾಗದು. ಆದರೆ ಪುರಾವೆಯ ಹೊಣೆ ಇರುವುದು ಯಾರ ಮೇಲೆ? ಕೊಟ್ಟರೆ ರಕ್ಷಣೆ ಸಿಗುತ್ತದೆ ಎನ್ನುವುದು ನಿಮ್ಮ ವಾದ. ಅಂಥ ರಕ್ಷಣೆಯ ಸುಳಿವು ಇಷ್ಟು ಮಕ್ಕಳಲ್ಲಿ ಎಲ್ಲೂ ಕಾಣಲಿಲ್ಲ. ಯುರೋಪಿನ ಉದಾಹರಣೆಯೂ ನಿಮ್ಮ ಪರ ನಿಲ್ಲುವುದಿಲ್ಲ. ಮದ್ಯದ ವಿಷಯದಲ್ಲಿ ಮಕ್ಕಳಿಗೆ ಸಲಿಗೆ ಕೊಡುವ ಡೆನ್ಮಾರ್ಕ್, ಹದಿಹರೆಯದವರ ಅಮಲಿನ ಸಮೀಕ್ಷೆಗಳಲ್ಲಿ ಯಾವಾಗಲೂ ಮೇಲಿನ ಸಾಲಿನಲ್ಲೇ ಇರುತ್ತದೆ. ಐಸ್‌ಲ್ಯಾಂಡ್ ಹಿಡಿದದ್ದು ಬೇರೆ ದಾರಿ. ರಾತ್ರಿ ಹೊರಗೆ ಸುತ್ತುವುದಕ್ಕೆ ಕಡಿವಾಣ, ನಾವು ಮಕ್ಕಳಿಗೆ ಕೊಡುವುದಿಲ್ಲ ಎಂದು ಪೋಷಕರ ನಡುವೆಯೇ ಒಪ್ಪಂದ, ಆಟ–ಸಂಗೀತಕ್ಕೆ ಸರ್ಕಾರದ ಹಣ. ಹಿಂದಿನ ತಿಂಗಳು ಅಮಲೇರುವಷ್ಟು ಕುಡಿದಿದ್ದೆವೆಂದ 15–16ರ ಮಕ್ಕಳು 1998ರಲ್ಲಿ ಶೇ. 42 ಇದ್ದವರು 2016ರ ಹೊತ್ತಿಗೆ ಶೇ. 5ಕ್ಕೆ ಇಳಿದರು.

ಇನ್ನು ಮಿತಿಯ ಮಾತು. ದೊಡ್ಡವರನ್ನು ತಡೆಯುವುದು ಬರೀ ವಿವೇಕವಲ್ಲ, ದೇಹ ಕೊಡುವ ಸೂಚನೆಗಳೂ ತಡೆಯುತ್ತವೆ: ನಾಲಿಗೆ ತೊದಲುತ್ತದೆ, ಕಾಲು ತಪ್ಪುತ್ತದೆ, ಕಣ್ಣು ಎಳೆಯುತ್ತದೆ. ಎಳೆಯ ಪ್ರಾಣಿಗಳ ಮೇಲೆ ನಡೆದ ಪ್ರಯೋಗಗಳ ಪ್ರಕಾರ ಹರೆಯದ ಮೆದುಳಿಗೆ ಈ ಸೂಚನೆಗಳು ಮಂದವಾಗಿ ತಲುಪುತ್ತವೆ, ನೆನಪಿಗೆ ಬೀಳುವ ಪೆಟ್ಟು ಮಾತ್ರ ಜೋರು. ದುಡುಕಿಗೆ ಲಗಾಮು ಹಾಕುವ ಮುಂಭಾಗದ ಮೆದುಳು ಬಲಿಯುವುದು ಇಪ್ಪತ್ತೈದರ ಆಸುಪಾಸಿಗೆ. ಹೀಗಿರುವಾಗ ಹದಿನಾರರ ಹುಡುಗ ಮಿತಿಯನ್ನು ಕಲಿಯುವುದು ಯಾವುದರಿಂದ? ‘ಎಷ್ಟು ಕುಡಿದರೂ ಅಲ್ಲಾಡಲ್ಲ’ ಎಂದು ಗೆಳೆಯರು ಬೆನ್ನು ತಟ್ಟುವ ಹುಡುಗನೇ ಮುಂದೆ ಚಟಕ್ಕೆ ಬೀಳುವ ಸಂಭವ ಹೆಚ್ಚು. ಇದು ಹಲವು ಅಧ್ಯಯನಗಳಲ್ಲಿ ಕಂಡ ಸಂಗತಿ. ಅಂದಹಾಗೆ, ‘ಬರೀ ಬಿಯರ್’ ಎನ್ನುವ ಸಮಾಧಾನವನ್ನೂ ಬಿಡಿ. ಶೇ. 8ರ ಸ್ಟ್ರಾಂಗ್ ಬಿಯರ್‌ನ 650 ಮಿಲಿ ಬಾಟಲಿಯಲ್ಲಿ ಸುಮಾರು 41 ಗ್ರಾಂ ಆಲ್ಕೊಹಾಲ್ ಇರುತ್ತದೆ, ಅಂದರೆ ಎರಡು ಲಾರ್ಜ್ ವಿಸ್ಕಿಯಷ್ಟು.

ಕೊಡದಿದ್ದರೆ ಕದ್ದು ಕುಡಿಯುತ್ತಾನೆ ಎಂಬ ಭಯ ಉಳಿಯಿತು. ಕುಡಿದರೂ ಕುಡಿದಾನು, ಇಲ್ಲವೆನ್ನಲಾರೆ. ಆದರೆ ಕೊಡದಿರುವುದು ಬೇರೆ, ಮಾತು ಬಿಡುವುದು ಬೇರೆ. ‘ಈ ಮನೆಯಲ್ಲಿ ನಿನಗೆ ಸಿಗದು, ಹೊರಗೆ ಎಡವಟ್ಟಾದರೆ ಎಷ್ಟೇ ಹೊತ್ತಾಗಲಿ ಫೋನ್ ಮಾಡು, ಬಂದು ಕರೆದೊಯ್ಯುತ್ತೇನೆ, ಕುಡಿದವನ ಬೈಕ್ ಮಾತ್ರ ಹತ್ತಬೇಡ’ ಎನ್ನುವುದಕ್ಕೆ ನೀವು ಮದ್ಯ ಮುಟ್ಟದವರೇ ಆಗಿರಬೇಕಿಲ್ಲ. ನಾನೇ ಕುಡಿಯುತ್ತೇನಲ್ಲ ಎಂಬ ಅಳುಕೂ ಬೇಡ. ಕಾರು ನೀವು ಓಡಿಸುತ್ತೀರಿ, ಅವನಿಗೆ ಕೀ ಕೊಡುವುದಿಲ್ಲ. ಆದರೆ ಅವನ ಕೈಲಿ ಸೋಡಾ, ಐಸ್ ತರಿಸುವುದು, ಗ್ಲಾಸಿಗೆ ಸುರಿಸುವುದು ಇವತ್ತೇ ನಿಲ್ಲಲಿ. ಕಾನೂನೂ ಗೊತ್ತಿರಲಿ: 2015ರ ಬಾಲನ್ಯಾಯ ಕಾಯ್ದೆಯ 77ನೇ ಕಲಮಿನಂತೆ ವೈದ್ಯರ ಆದೇಶವಿಲ್ಲದೆ ಹದಿನೆಂಟರೊಳಗಿನವರಿಗೆ ಮದ್ಯ ಕೊಟ್ಟರೆ ಏಳು ವರ್ಷದವರೆಗೆ ಜೈಲು, ತಂದೆ ಎಂಬ ರಿಯಾಯಿತಿ ಅದರಲ್ಲಿಲ್ಲ.

ಒಂದೆರಡು ಸಲ ಕುಡಿದದ್ದನ್ನು ಚಟವೆಂದು ಹೆಸರಿಡಬೇಡಿ. ಒಬ್ಬನೇ ಕುಡಿಯುವುದು, ಹಿಂದಿನ ರಾತ್ರಿಯದು ನೆನಪಿಲ್ಲದಿರುವುದು, ದುಡ್ಡು ಕಾಣೆಯಾಗುವುದು, ಕಾಲೇಜು ತಪ್ಪಿಸುವುದು ಕಂಡರೆ ಮಾತ್ರ ತಡಮಾಡದೆ ಜಿಲ್ಲಾಸ್ಪತ್ರೆಯ ಮನೋವೈದ್ಯರ ಬಳಿಗೋ ನಿಮ್ಹಾನ್ಸ್‌ನ ವ್ಯಸನ ಚಿಕಿತ್ಸಾ ವಿಭಾಗಕ್ಕೋ ಕರೆದೊಯ್ಯಿರಿ. ಟೆಲಿ ಮಾನಸ್ ಸಹಾಯವಾಣಿ 14416 ಉಚಿತ, ಕನ್ನಡದಲ್ಲೇ ಮಾತಾಡಬಹುದು. ಎಂದಾದರೂ ಅವನು ಎಬ್ಬಿಸಿದರೂ ಏಳದಷ್ಟು ಕುಡಿದು ಬಿದ್ದಿದ್ದರೆ ಮಜ್ಜಿಗೆ, ನಿಂಬೆರಸ ಕುಡಿಸಬೇಡಿ, ತಣ್ಣೀರು ಸುರಿಯಬೇಡಿ. ವಾಂತಿ ಉಸಿರುನಾಳಕ್ಕೆ ಹೋಗದಂತೆ ಮಗ್ಗುಲಿಗೆ ಮಲಗಿಸಿ, 108ಕ್ಕೆ ಕರೆ ಮಾಡಿ, ಆಂಬ್ಯುಲೆನ್ಸ್ ಬರುವವರೆಗೆ ಪಕ್ಕದಿಂದ ಏಳಬೇಡಿ.