ಏರಿಯ ಕೆಳಗೆ ಯಾರಿದ್ದಾರೆ?

ಕೆರೆ ನಮಗೆ ಹೊಸದಲ್ಲ. ಏರಿ ನೀರನ್ನು ತಡೆಯುತ್ತದೆ. ತೂಬು ಗದ್ದೆಗೆ ನೀರು ಬಿಡುತ್ತದೆ. ಕೆರೆ ತುಂಬಿದ ಮೇಲೆ ಹೆಚ್ಚಾದ ನೀರು ಕೋಡಿಯಲ್ಲಿ ಹರಿದುಹೋಗುತ್ತದೆ. ಕೋಡಿ ಬಿತ್ತು ಅಂದರೆ ನಮಗೆ ಹಬ್ಬ. ಬಾಗಿನ ಕೊಡ್ತೀವಿ.

ಕೆಲವರು ಸ್ವಂತ ಜಮೀನಿನಲ್ಲೇ ಹಳ್ಳಕ್ಕೆ ಅಡ್ಡಲಾಗಿ ಮಣ್ಣಿನ ಏರಿ ಹಾಕಿಸುತ್ತಾರೆ. ತೋಟಕ್ಕೆ ನೀರಾಯಿತು, ಮೀನು ಸಾಕುವುದಕ್ಕೂ ಆಯಿತು. ಒಳ್ಳೆಯದೇ. "ಏರಿ ಅವರದು, ನೀರು ಅವರದು, ನಮಗೇನು?" ಅಂತ ನಾವು ಸುಮ್ಮನಿರುತ್ತೇವೆ. ಆದರೆ ಏರಿ ಒಡೆದರೆ ನೀರು ಪಹಣಿ ನೋಡಿಕೊಂಡು ಹರಿಯುವುದಿಲ್ಲ.

ಇಂಜಿನಿಯರುಗಳು ಇಂಥ ಏರಿಯ ಬಗ್ಗೆ ಎರಡು ಪ್ರಶ್ನೆ ಕೇಳುತ್ತಾರೆ. ಏರಿ ಗಟ್ಟಿಯಾಗಿದೆಯಾ? ಇದು ಮೊದಲನೆಯದು. ಒಡೆದರೆ ಕೆಳಗೆ ಯಾರಿದ್ದಾರೆ, ಏನಿದೆ? ಇದು ಎರಡನೆಯದು. ಅಪಾಯದ ದರ್ಜೆ ನಿಲ್ಲುವುದು ಈ ಎರಡನೆಯ ಪ್ರಶ್ನೆಯ ಮೇಲೆ. ಕೆಳಗೆ ಬರೀ ಬೀಳು ಇದ್ದರೆ ದರ್ಜೆ ಕಡಿಮೆ. ಮನೆ, ಶಾಲೆ, ಅಂಗನವಾಡಿ ಇದ್ದರೆ ದರ್ಜೆ ಹೆಚ್ಚು. ಏರಿ ಎಷ್ಟೇ ಗಟ್ಟಿ ಇರಲಿ, ದರ್ಜೆ ಹೆಚ್ಚೇ. ಹತ್ತು ವರ್ಷದ ಹಿಂದೆ ಕೆಳಗೆ ಕಬ್ಬಿನ ಗದ್ದೆ ಇತ್ತು, ಈಗ ಮನೆಗಳಾಗಿವೆ ಅನ್ನಿ. ಏರಿ ಅದೇ. ಅಪಾಯ ಮಾತ್ರ ಬೇರೆ.

ಬಹಳ ಹಿಂದೆ ಅಮೆರಿಕಾದಲ್ಲಿ ನಡೆದದ್ದು ಕೇಳಿ. ಜಾನ್ಸ್‌ಟೌನ್ ಎಂಬ ಊರಿನ ಮೇಲ್ಗಡೆ ಶ್ರೀಮಂತರ ಒಂದು ಸಂಘವಿತ್ತು. ಅವರದ್ದೇ ಕೆರೆ, ಮಣ್ಣಿನ ಏರಿ. ಗಾಡಿ ಓಡಾಡಲಿ ಅಂತ ಏರಿಯ ತಲೆಯನ್ನು ತಗ್ಗಿಸಿದ್ದರು. ಮೀನು ತಪ್ಪಿಸಿಕೊಳ್ಳದಿರಲಿ ಅಂತ ಕೋಡಿಗೆ ಕಬ್ಬಿಣದ ಜಾಲರಿ ಹಾಕಿದ್ದರು. 1889ರ ಮೇ 31ರಂದು ಜೋರು ಮಳೆ. ಕಸಕಡ್ಡಿ ಜಾಲರಿಗೆ ಸಿಕ್ಕಿಕೊಂಡಿತು. ನೀರು ಏರಿಯನ್ನೇ ಹತ್ತಿ ಹರಿಯಿತು, ಏರಿ ಕೊಚ್ಚಿಹೋಯಿತು. 2,200ಕ್ಕೂ ಹೆಚ್ಚು ಜನ ಸತ್ತರು. ಮೀನು ಉಳಿಸಲು ಹೋದ ಕಥೆ ಇದು.

ನಮ್ಮಲ್ಲೂ ಕೋಡಿಗೆ ಬಲೆ ಕಟ್ಟುವುದುಂಟು. ಇನ್ನಷ್ಟು ನೀರು ನಿಲ್ಲಲಿ ಅಂತ ಮರಳಿನ ಮೂಟೆ ಇಡುವುದೂ ಉಂಟು. ಮಣ್ಣಿನ ಏರಿ ತನ್ನ ಮೇಲೆ ನೀರು ಹರಿಯುವುದನ್ನು ತಾಳುವುದಿಲ್ಲ. ಹಿಂಬದಿಯ ಮಣ್ಣು ಕೊರೆಯುತ್ತಾ ಬರುತ್ತದೆ, ಕೊರಕಲು ದೊಡ್ಡದಾಗುತ್ತದೆ, ಆಮೇಲೆ ಯಾರ ಕೈಗೂ ಸಿಗುವುದಿಲ್ಲ. ಹೆಗ್ಗಣದ ಬಿಲ, ಸತ್ತ ಮರದ ಬೇರು ಕೊಳೆತ ತೂತು ಕೂಡ ನೀರಿಗೆ ದಾರಿ.

ಹುಲ್ಲು ಕೊಯ್ಯಲು, ಮೇಕೆ ಮೇಯಿಸಲು ಏರಿ ಹತ್ತಿರ ಹೋಗುವವರು ನಾವೇ. ಹಿಂಬದಿಯ ಬುಡವನ್ನು ನೋಡಿ. ತಿಳಿನೀರು ಸ್ವಲ್ಪ ಜಿನುಗುತ್ತಿದ್ದರೆ ಗುರುತಿಟ್ಟು ದಿನಾ ನೋಡಿ, ಯಜಮಾನರಿಗೂ ತಿಳಿಸಿ. ಕೆಂಪಗೆ, ಮಣ್ಣು ಕಲಸಿದ ನೀರು ಬಂದರೆ ಒಳಗಿನ ಮಣ್ಣು ಹೋಗುತ್ತಿದೆ ಎಂದೇ ಅರ್ಥ. ಏರಿ ಮೇಲೆ ನಿಲ್ಲಬೇಡಿ. ಕೆಳಗಿನವರನ್ನು ಎತ್ತರಕ್ಕೆ ಕರೆದುಕೊಂಡು ಹೋಗಿ, 112ಕ್ಕೆ ಫೋನ್ ಮಾಡಿ.

2021ರಲ್ಲಿ ಅಣೆಕಟ್ಟೆ ಸುರಕ್ಷತೆಗೆ ಕೇಂದ್ರದ ಕಾನೂನು ಬಂತು. ಅದು 15 ಮೀಟರಿಗಿಂತ, ಅಂದರೆ ಸುಮಾರು 50 ಅಡಿಗಿಂತ, ಎತ್ತರದ ಕಟ್ಟೆಗಳಿಗೆ. 10ರಿಂದ 15 ಮೀಟರಿನ ಕೆಲವು ದೊಡ್ಡ ಕಟ್ಟೆಗಳೂ ಸೇರುತ್ತವೆ. ತೋಟದ ಚಿಕ್ಕ ಏರಿ ಅದರಲ್ಲಿ ಬರುವುದಿಲ್ಲ. ಹಾಗಾಗಿ ನಾವೇ ಕೇಳಬೇಕು. ಯಜಮಾನರು ದೊಡ್ಡವರು, ಹೇಗೆ ಕೇಳೋದು ಅಂತ ಕೆಲವರಿಗೆ ಹೆದರಿಕೆ. 1938ರಲ್ಲಿ ನಮ್ಮ ಶಿವಪುರದಲ್ಲಿ ಸರ್ಕಾರದ ನಿಷೇಧ ಮೀರಿ ಬಾವುಟ ಹಾರಿಸಿದರು. ನಾವು ಕೇಳುವುದು ಕೋಡಿ ಬಿಡಿಸಿ ಅಂತ, ಅಷ್ಟೇ.

ಅರ್ಜಿ ಹೀಗೆ ಬರೆಯಬಹುದು:

ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯವರಿಗೆ,
ಮಾನ್ಯರೇ,
ನಮ್ಮ ಬೀದಿಯ ಮೇಲ್ಗಡೆ ಖಾಸಗಿ ಜಮೀನಿನಲ್ಲಿ ಮಣ್ಣಿನ ಏರಿ ಇದೆ. ಅದರ ಕೆಳಗೆ ____ ಮನೆಗಳಿವೆ. ಕೋಡಿಗೆ ಬಲೆ ಕಟ್ಟಿದ್ದಾರೆ. ಇಂಜಿನಿಯರರಿಂದ ಪರೀಕ್ಷೆ ಮಾಡಿಸಿ, ಮಳೆಗಾಲಕ್ಕೆ ಮುಂಚೆ ಕೋಡಿ ಬಿಡಿಸಿಕೊಡಬೇಕೆಂದು ಕೋರುತ್ತೇವೆ.
ಸಹಿ: ________

ಹೆಬ್ಬೆಟ್ಟಲ್ಲ, ಸಹಿ. ನಕಲು ತಹಸೀಲ್ದಾರರಿಗೂ ಕೊಡಿ. ನಿಮ್ಮ ಪ್ರತಿಗೆ ಕಚೇರಿಯ ಸೀಲು ಹಾಕಿಸಿಕೊಳ್ಳಿ.

ಮಾತಾಡೋಣ
1. ನಿಮ್ಮೂರಿನ ಏರಿಗಳ ಕೆಳಗೆ ಎಷ್ಟು ಮನೆಗಳಿವೆ? ಎಣಿಸಿ ಬರೆಯಿರಿ.
2. ಕೋಡಿಗೆ ಬಲೆ ಕಟ್ಟಿದರೆ ಏನಾಗುತ್ತದೆ?
3. ರಾತ್ರಿ ಏರಿ ಒಡೆದರೆ ನಿಮ್ಮ ಬೀದಿಯವರು ಯಾವ ಕಡೆ ಓಡಬೇಕು?