ತುರ್ತು ವಾಹನವು ಎಲ್ಲಿ ನಿಲ್ಲಬೇಕು?

ಹಾವೇರಿ ಜಿಲ್ಲೆಯ ಗಳಗನಾಥದ ಬಳಿ ವರದಾ ನದಿಯು ತುಂಗಭದ್ರೆಯನ್ನು ಕೂಡುವುದು. ಅಲ್ಲಿಯ ಹೊಲದಲ್ಲಿ ರೈತನೊಬ್ಬನಿಗೆ ಹಾವು ಕಚ್ಚಿತೆಂದು ಭಾವಿಸೋಣ. ೧೦೮ಕ್ಕೆ ಕರೆ ಹೋಗುತ್ತದೆ. ವೈದ್ಯನ ಕೌಶಲವು ನೆರವಾಗುವುದು ಆಮೇಲಿನ ಮಾತು. ಆ ಗಳಿಗೆಯಲ್ಲಿ ಆಂಬುಲೆನ್ಸು ಎಲ್ಲಿ ನಿಂತಿತ್ತೆಂಬುದನ್ನೇ ಅವನ ಅಳಿವು ಉಳಿವುಗಳು ಮೊದಲು ಅವಲಂಬಿಸಿರುತ್ತವೆ.

ನಮ್ಮ ರಾಜ್ಯದಲ್ಲಿ ಈ ಸೇವೆಯು ೨೦೦೮ರಲ್ಲಿ ಆರಂಭವಾಯಿತು. ಪ್ರಶ್ನೆಯು ಅದಕ್ಕಿಂತ ಹಳೆಯದು. ಇರುವಷ್ಟೇ ಠಾಣೆಗಳನ್ನು ಎಲ್ಲಿಟ್ಟರೆ ನಿಯತ ದೂರದೊಳಗೆ ಅತ್ಯಧಿಕ ಜನರು ಸೇರುವರೆಂಬ ಲೆಕ್ಕವನ್ನು ಚರ್ಚ್ ಮತ್ತು ರೆವೆಲ್ ಎಂಬ ವಿದ್ವಾಂಸರು ೧೯೭೪ರಲ್ಲಿಯೇ ಸೂತ್ರಕ್ಕಿಳಿಸಿದ್ದರು. ಕೃತಕ ಬುದ್ಧಿಮತ್ತೆಯು ಇದಕ್ಕೆ ಮುನ್ನಂದಾಜನ್ನು ಕೂಡಿಸುತ್ತದೆ. ಹಿಂದಿನ ಕರೆಗಳು ಯಾವ ಊರಿನಿಂದ, ಯಾವ ಹೊತ್ತಿನಲ್ಲಿ, ಮಳೆಯಲ್ಲೋ ಸುಗ್ಗಿಯಲ್ಲೋ ಬಂದವೆಂಬುದನ್ನು ಗಣಕಯಂತ್ರವು ಅಭ್ಯಸಿಸಿ, ಮುಂದಿನ ಕರೆಯ ದಿಕ್ಕನ್ನು ಊಹಿಸಿ, ವಾಹನವನ್ನು ಮೊದಲೇ ಅತ್ತ ಸರಿಸಲು ಸೂಚಿಸುತ್ತದೆ.

ಆದರೆ ಯಂತ್ರಕ್ಕೆ ಊರಿನ ಪರಿಚಯವಿಲ್ಲ. ನದಿಯಾಚೆಯ ಆಸ್ಪತ್ರೆಯು ನಕ್ಷೆಯ ಮೇಲೆ ಸಮೀಪವೆಂದು ಕಂಡರೂ, ಸೇತುವೆಯವರೆಗೆ ಸುತ್ತಿ ಹೋಗುವವನಿಗೆ ದೂರವೇ. ರಸ್ತೆಯ ಪ್ರಯಾಣಕಾಲವನ್ನು ಒದಗಿಸಿ ಈ ದೋಷವನ್ನು ತಿದ್ದಬಹುದು. ಇನ್ನೊಂದು ದೋಷವು ಕಣ್ಣಿಗೆ ಬೀಳದು. ವಾಹನವು ಸದಾ ತಡವಾಗುವ ಊರಿನವರು ಕರೆಯನ್ನೇ ಮಾಡದೆ ರೋಗಿಯನ್ನು ಬೈಕಿನಲ್ಲೋ ಟ್ರ್ಯಾಕ್ಟರಿನಲ್ಲೋ ಸಾಗಿಸುತ್ತಾರೆ. ದಾಖಲೆಯಲ್ಲಿ ಕರೆಯಿಲ್ಲ, ಹಾಗಾಗಿ ಅಗತ್ಯವೂ ಇಲ್ಲವೆಂದು ಬಗೆದು ಯಂತ್ರವು ವಾಹನವನ್ನು ಇನ್ನಷ್ಟು ದೂರ ಕಳುಹಿಸುತ್ತದೆ!

ಆದ್ದರಿಂದ ಆಸ್ಪತ್ರೆಯ ದಾಖಲೆಯೂ ಬೇಕು. ೨೦೨೪ರಲ್ಲಿ ಕರ್ನಾಟಕವು ಹಾವು ಕಡಿತವನ್ನು, ಸರಕಾರಕ್ಕೆ ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆಗಳ ಸಾಲಿಗೆ ಸೇರಿಸಿತು. ಆ ವರದಿಗಳನ್ನು ಊರುವಾರು ಜೋಡಿಸಿದರೆ, ಕರೆಯಿಲ್ಲದೆ ಬಂದ ರೋಗಿಯೂ ಲೆಕ್ಕಕ್ಕೆ ಸಿಗುವನು. ವಿಷನಿವಾರಕ ಚುಚ್ಚುಮದ್ದಿನ ದಾಸ್ತಾನು ಎಲ್ಲಿದೆಯೆಂಬುದನ್ನೂ ಯಂತ್ರಕ್ಕೆ ದಿನದಿನವೂ ತಿಳಿಸಬೇಕು. ಸಮೀಪದ ಆಸ್ಪತ್ರೆಯಲ್ಲಿ ಮದ್ದು ತೀರಿದ್ದರೆ ವಾಹನವು ನೇರವಾಗಿ ಜಿಲ್ಲಾ ಆಸ್ಪತ್ರೆಯ ದಾರಿ ಹಿಡಿಯಬಹುದು.