ಗಣಕ ಆಟದ ವಿನ್ಯಾಸ: ಅಂತಿಮ ವರ್ಷದ ಯೋಜನೆ ಮತ್ತು ಕೃತಿಸಂಚಯ

ಠಾಣೆ, ಡೊಂಬಿವಲಿ, ಕಲ್ಯಾಣ ಹಾಗೂ ನವಿ ಮುಂಬಯಿಯಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳ ಮಕ್ಕಳಲ್ಲಿ ಕೆಲವರು ಗಣಕ ಆಟಗಳ ವಿನ್ಯಾಸವನ್ನು ವ್ಯಾಸಂಗಕ್ಕೆ ಆಯ್ದುಕೊಳ್ಳುತ್ತಿದ್ದಾರೆ. ಈ ಕ್ಷೇತ್ರದಲ್ಲಿ ಉದ್ಯೋಗ ನೀಡುವವರು ಅಂಕಪಟ್ಟಿಗಿಂತ ಮೊದಲು ಅಭ್ಯರ್ಥಿಯು ಮಾಡಿರುವ ಕೆಲಸವನ್ನು ನೋಡಬಯಸುತ್ತಾರೆ. ಅಂತಿಮ ವರ್ಷದ ಯೋಜನೆ ಅರ್ಧದಲ್ಲಿ ನಿಂತರೆ, ತಂದೆತಾಯಿಯರು ಕಷ್ಟಪಟ್ಟು ಶುಲ್ಕ ತೆತ್ತ ವ್ಯಾಸಂಗದ ಕೊನೆಯಲ್ಲಿ ವಿದ್ಯಾರ್ಥಿಯ ಬಳಿ ತೋರಿಸಲು ಏನೂ ಇರುವುದಿಲ್ಲ.

ಯೋಜನೆಗಳು ಅಪೂರ್ಣವಾಗಿ ಉಳಿಯಲು ಸೋಮಾರಿತನಕ್ಕಿಂತ ಅತಿಯಾದ ಆಸೆಯೇ ಹೆಚ್ಚಾಗಿ ಕಾರಣ. ಪುಣೆಯ ನಾಡಿಂಗ್ ಹೆಡ್ಸ್ ಗೇಮ್ಸ್ ಸಂಸ್ಥೆಯ ‘ರಾಜಿ: ಆನ್ ಏನ್ಷಿಯಂಟ್ ಎಪಿಕ್’ ಎಂಬ ಆಟ ಅನೇಕ ವಿದ್ಯಾರ್ಥಿಗಳಿಗೆ ಆದರ್ಶವಾಗಿದೆ. ಆದರೆ ಅನುಭವಿಗಳೇ ಇದ್ದ ಆ ತಂಡವು ಸಾರ್ವಜನಿಕರಿಂದ ಹಣ ಸಂಗ್ರಹಿಸಲು 2017ರಲ್ಲಿ ಮಾಡಿದ ಯತ್ನ ಫಲಿಸಲಿಲ್ಲ. ಆಟವು ಬಿಡುಗಡೆಯಾದದ್ದು 2020ರಲ್ಲಿ. ಎಂಟು ಹತ್ತು ತಿಂಗಳು ಮಾತ್ರ ಕೈಯಲ್ಲಿರುವ ವಿದ್ಯಾರ್ಥಿಯು ಅಂಥ ವಿಸ್ತಾರಕ್ಕೆ ಕೈಹಾಕುವುದು ಉಚಿತವಲ್ಲ.

ಚಿಕ್ಕ ವಸ್ತುವಿಗೆ ದೂರ ಹೋಗಬೇಕಾಗಿಲ್ಲ. ಕರಾವಳಿ ಮೂಲದ ಹಿರಿಯರು ಬಲ್ಲ ಚೆನ್ನೆಮಣೆಯನ್ನೇ ನಿದರ್ಶನವಾಗಿ ತೆಗೆದುಕೊಳ್ಳಬಹುದು. ಆಟಿ ತಿಂಗಳ ಮಳೆಯಲ್ಲಿ ತುಳುನಾಡಿನ ಮನೆಗಳಲ್ಲಿ ಆಡುತ್ತಿದ್ದ ಈ ಆಟ ಹಳೆಯ ಮೈಸೂರಿನ ಕಡೆ ಅಳಗುಳಿಮಣೆಯೆಂದು ಪ್ರಸಿದ್ಧ. ಸಾಲಿಗೆ 7ರಂತೆ ಎರಡು ಸಾಲುಗಳಲ್ಲಿ 14 ಗುಳಿಗಳು. ಸಾಮಾನ್ಯವಾಗಿ ಗುಳಿಯೊಂದಕ್ಕೆ 4ರಂತೆ 56 ಬೀಜಗಳು. ನಿಯಮಗಳು ಊರಿಂದೂರಿಗೆ ಬದಲಾಗುವುದರಿಂದ, ಮನೆಯ ಅಜ್ಜಿಯನ್ನೋ ನೆರೆಯವರನ್ನೋ ಕೇಳಿ ಒಂದು ಪಾಠವನ್ನು ಆರಿಸಿ ಬರೆದಿಟ್ಟುಕೊಳ್ಳುವುದು ಮೊದಲ ಕೆಲಸ.

ವಿನ್ಯಾಸದ ನಿಜವಾದ ಪ್ರಶ್ನೆಗಳು ಆಮೇಲೆ ಬರುತ್ತವೆ. ಮರದ ಮಣೆಯಲ್ಲಿ ಬೀಜಗಳು ಕೈಯಿಂದ ಒಂದೊಂದಾಗಿ ಬೀಳುವುದನ್ನು ಎದುರಾಳಿ ನೋಡುತ್ತಾನೆ. ಗಣಕವಾದರೋ ಕ್ಷಣಮಾತ್ರದಲ್ಲಿ ಎಲ್ಲವನ್ನೂ ಹಂಚಿಬಿಡುತ್ತದೆ. ಏನಾಯಿತೆಂಬುದೇ ಆಡುವವನಿಗೆ ತಿಳಿಯದು. ಆದ್ದರಿಂದ ಬೀಜ ಬೀಳುವ ವೇಗವನ್ನೂ ಸದ್ದನ್ನೂ ಗೊತ್ತುಪಡಿಸಬೇಕಾಗುತ್ತದೆ. ಗುಳಿಯ ಮೇಲೆ ಬೀಜಗಳ ಸಂಖ್ಯೆಯನ್ನು ಅಂಕಿಯಲ್ಲಿ ತೋರಿಸಬೇಕೆ ಎಂಬುದು ಇನ್ನೊಂದು ಪ್ರಶ್ನೆ. ತೋರಿಸಿದರೆ ಹೊಸಬರಿಗೆ ಅನುಕೂಲ. ಆದರೆ ಕಣ್ಣಂದಾಜಿನಲ್ಲಿ ಎಣಿಸುವುದೇ ಈ ಆಟದ ಅರ್ಧ ಸೊಗಸು, ಅದು ಹೋಗುತ್ತದೆ. ಡೊಂಬಿವಲಿಯಿಂದ ಠಾಣೆಗೆ ಲೋಕಲ್ ರೈಲಿನಲ್ಲಿ ನಿಂತು ಹೋಗುವವರು ಒಂದು ಕೈಯಿಂದ ಹಿಡಿಕೆ ಹಿಡಿದು ಇನ್ನೊಂದು ಕೈಯ ಹೆಬ್ಬೆರಳಿನಿಂದ ಆಡಬೇಕು. (ಬೆಳಗಿನ ನೂಕುನುಗ್ಗಲಿನಲ್ಲಿ ಅದೂ ಆಗದೆಂಬುದನ್ನು ಅಲ್ಲಿನವರು ಬಲ್ಲರು.) ಹಾಗಾದರೆ ಅಡ್ಡಲಾದ ಮಣೆಯನ್ನು ಫೋನಿನ ಪರದೆಯಲ್ಲಿ ಉದ್ದಕ್ಕೆ ನಿಲ್ಲಿಸಬೇಕೇ? ಇಂಥ ಒಂದೊಂದು ತೀರ್ಮಾನವನ್ನೂ ಅದರ ಕಾರಣವನ್ನೂ ದಿನಾಂಕಸಹಿತ ಬರೆದಿಡತಕ್ಕದ್ದು. ಮುಂದೆ ಕೃತಿಸಂಚಯದ ಸತ್ವವೆಲ್ಲ ಅಲ್ಲಿಂದಲೇ ದೊರೆಯುತ್ತದೆ.

ಗಣೇಶ ಚತುರ್ಥಿಯ ವೇಳೆಗೆ ರಟ್ಟಿನ ಮೇಲಿನ ಮಾದರಿ, ದೀಪಾವಳಿಯ ವೇಳೆಗೆ ಬಣ್ಣವಿಲ್ಲದಿದ್ದರೂ ಮೊದಲಿನಿಂದ ಕೊನೆಯವರೆಗೆ ಆಡಬಹುದಾದ ರೂಪ ಸಿದ್ಧವಾಗಿರುವುದು ಒಳ್ಳೆಯದು. ಚಿತ್ರಾಲಂಕಾರ ಅನಂತರದ ಮಾತು. ಆಟ ಬಲ್ಲವರಿಗೂ ಅರಿಯದವರಿಗೂ ಫೋನನ್ನು ಕೊಟ್ಟು, ಬಾಯಿಮಾತಿನ ವಿವರಣೆ ನೀಡದೆ, ಅವರು ಎಲ್ಲಿ ತಡೆಯುತ್ತಾರೆಂಬುದನ್ನು ಗಮನಿಸಬೇಕು.

ಉಪಕರಣಗಳಿಗೆ ಹಣ ವೆಚ್ಚ ಮಾಡಲೇಬೇಕೆಂದಿಲ್ಲ. ಗೋಡೋ ಮತ್ತು ಬ್ಲೆಂಡರ್ ತಂತ್ರಾಂಶಗಳು ಉಚಿತವಾಗಿವೆ. ಆಟದಲ್ಲಿ ಕನ್ನಡ ಬರಹವಿರಬೇಕೆನ್ನುವವರು ಒಂದು ತೊಡಕನ್ನು ಮೊದಲ ವಾರದಲ್ಲೇ ಪರೀಕ್ಷಿಸಬೇಕು: ಕೆಲವು ತಂತ್ರಾಂಶಗಳಲ್ಲಿ ಒತ್ತಕ್ಷರಗಳು ಕೂಡಿಕೊಳ್ಳದೆ ಬಿಡಿಬಿಡಿಯಾಗಿ ಮೂಡುತ್ತವೆ. 2023ರಲ್ಲಿ ಬಂದ ಗೋಡೋ 4ನೆಯ ಆವೃತ್ತಿಯಲ್ಲಿ ಇದಕ್ಕೆ ಅಂತರ್ಗತ ವ್ಯವಸ್ಥೆಯಿದೆ. ಆಟಕ್ಕೆ ಪಣದ ಹಣವನ್ನು ಸೇರಿಸುವ ಯೋಚನೆ ಮಾತ್ರ ಬೇಡ. ಆನ್‌ಲೈನ್ ಗೇಮಿಂಗ್ ಕುರಿತ 2025ರ ಕೇಂದ್ರ ಅಧಿನಿಯಮವು ಹಣವೊಡ್ಡಿ ಆಡುವ ಆನ್‌ಲೈನ್ ಆಟಗಳನ್ನು, ಅವು ಕೌಶಲದವಿರಲಿ ಅದೃಷ್ಟದವಿರಲಿ, ನಿಷೇಧಿಸಿದೆ.

ಪೋರ್ಟ್‌ಫೋಲಿಯೋ ಎಂದು ಕರೆಯಲಾಗುವ ಕೃತಿಸಂಚಯದಲ್ಲಿ ತರಗತಿಯ ಎಲ್ಲ ಅಭ್ಯಾಸಗಳನ್ನೂ ತುಂಬುವುದು ಸಾಮಾನ್ಯವಾಗಿ ಕಂಡುಬರುವ ದೋಷ. ಮೂರು ನಾಲ್ಕು ಕೃತಿಗಳು ಸಾಕು; ಅತ್ಯುತ್ತಮವಾದದ್ದು ಮೊದಲಿಗಿರಲಿ. ಪ್ರತಿಯೊಂದಕ್ಕೂ ಒಂದು ನಿಮಿಷದ ವಿಡಿಯೋ, ಆಡಬಹುದಾದ ಪ್ರತಿ ಹಾಗೂ ಅರ್ಧ ಪುಟದ ಟಿಪ್ಪಣಿ ಇರಬೇಕು. ಕೈಬಿಟ್ಟ ರೂಪಗಳ ಒಂದೆರಡು ಚಿತ್ರಗಳನ್ನು, ಬಿಟ್ಟ ಕಾರಣದೊಡನೆ ಸೇರಿಸಲು ಸಂಕೋಚಪಡಬಾರದು. ನಾಲ್ವರು ಕೂಡಿ ಮಾಡಿದ ಆಟವಾದರೆ ತಾನು ಮಾಡಿದ್ದೆಷ್ಟು ಎಂಬುದನ್ನು ಸ್ಪಷ್ಟವಾಗಿ ಬರೆಯಬೇಕು. ಸಂದರ್ಶನದಲ್ಲಿ ಈ ಪ್ರಶ್ನೆ ಬಂದೇ ಬರುತ್ತದೆ. ಚೆನ್ನೆಮಣೆಯ ಆಟ ಯಾರೊಬ್ಬರ ಸ್ವತ್ತಲ್ಲ, ಆದರೆ ಇತರರಿಂದ ಪಡೆದ ಚಿತ್ರ, ಸಂಗೀತ, ಅಕ್ಷರವಿನ್ಯಾಸಗಳಿಗೆ ಹಕ್ಕುದಾರರಿರುತ್ತಾರೆ. ಕೃತಕ ಬುದ್ಧಿಮತ್ತೆಯಿಂದ ಪಡೆದ ಭಾಗಗಳಿದ್ದರೆ ಅವುಗಳನ್ನೂ ನಮೂದಿಸುವುದು ಕ್ಷೇಮ.

ಉನ್ನತ ವ್ಯಾಸಂಗವನ್ನು ಬಯಸುವವರಿಗೆ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯ ಬೆಂಗಳೂರು ಕೇಂದ್ರದಲ್ಲಿ ಡಿಜಿಟಲ್ ಆಟಗಳ ವಿನ್ಯಾಸದ ಸ್ನಾತಕೋತ್ತರ ಶಿಕ್ಷಣವಿದೆ. ಅರ್ಜಿಯು ಉದ್ಯೋಗಕ್ಕಾಗಲಿ ಪ್ರವೇಶಕ್ಕಾಗಲಿ, ಕೃತಿಸಂಚಯದ ಕೊಂಡಿಯನ್ನು ಕಳುಹಿಸುವ ಮುನ್ನ ಅದು ಬೇರೊಬ್ಬರ ಸಾಧಾರಣ ಫೋನಿನಲ್ಲಿ, ಗುಪ್ತಪದ ಕೇಳದೆ ತೆರೆಯುತ್ತದೆಯೇ ಎಂದು ಒಮ್ಮೆ ಪರೀಕ್ಷಿಸಿಕೊಳ್ಳಬೇಕು.